ಧರೆಯ ಮೇಲಿನ ವೆಡೇಲಿಯಾ ತೆಗೆದ ಬಗೆ

ಮಲೆನಾಡಿನ ಮನೆ ಹಿಂದಿನ ಧರೆಗೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿಗೆ, ಹಸಿರು ಹೊದಿಕೆಯೆಂದು ನೆಟ್ಟ ವೆಡೇಲಿಯಾ ಒಮ್ಮೆ ಹಬ್ಬಿತೆಂದರೆ ಬೇರೆ ಗಿಡ ಏಳಲು ಬಿಡುವುದಿಲ್ಲ. ಬೀಜಕ್ಕಿಂತ ತುಂಡಿನಿಂದಲೇ ಹೆಚ್ಚು ಹರಡುವ ಬಳ್ಳಿ ಇದು. ಒಂದು ಗಿಣ್ಣು ಹಸಿ ಮಣ್ಣಿಗೆ ತಾಗಿದರೂ ಬೇರು ಬಿಡುತ್ತದೆ. ಹಾಗಾಗಿ ವೀಡ್ ಕಟರ್ ಹಚ್ಚಬಾರದು. ಅದು ಬಳ್ಳಿಯನ್ನು ಚೂರು ಮಾಡಿ ಕೆಳಗಿನ ತೋಟಕ್ಕೂ ಬಿತ್ತುತ್ತದೆ.

ಇಡೀ ಧರೆಯನ್ನು ಒಮ್ಮೆಗೇ ಬೋಳಿಸಲೂಬಾರದು. ಮಣ್ಣು ಹಿಡಿದಿರುವುದು ಸದ್ಯಕ್ಕೆ ಅದೇ ಬಳ್ಳಿ. ಇಳಿಜಾರಿಗೆ ಅಡ್ಡಲಾಗಿ ಮೂರಡಿ ಅಗಲದ ಪಟ್ಟಿ ಗುರುತಿಸಿ, ಒಂದು ಬಿಟ್ಟು ಒಂದು ತೆಗೆಯುತ್ತೇನೆ. ಉಳಿದವಕ್ಕೆ ಮುಂದಿನ ವರ್ಷ ಕೈ ಹಾಕುವುದು. ಅವಸರದವರಿಗೆ ಇದು ಹಿಡಿಸದು, ಆದರೆ ಕುಸಿದ ಧರೆ ಕಟ್ಟಿಸುವ ಖರ್ಚು ಬೇರೆಯೇ ಲೆಕ್ಕ.

ಮಳೆ ಬಿಟ್ಟ ಮೇಲೆ, ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ, ಮಣ್ಣು ಹದದಲ್ಲಿರುವಾಗ ಕೆಲಸ ಸಲೀಸು. ಒಣಗಿದ ಜಂಬಿಟ್ಟಿಗೆ ಮಣ್ಣಿನಲ್ಲಿ ಬಳ್ಳಿ ಗಿಣ್ಣಿನ ಬಳಿ ಮುರಿದು ಬೇರು ಒಳಗೇ ಉಳಿಯುತ್ತದೆ. ತೀರಾ ಒದ್ದೆಯಿದ್ದರೆ ಬೇರಿನ ಜೊತೆ ಮೇಲ್ಮಣ್ಣೂ ಎದ್ದುಬರುತ್ತದೆ. ಮೊದಲು ಕೋಲಿನಿಂದ ಬಡಿದು ಹಾವು, ಚೇಳು ಓಡಿಸಿ, ಮೇಲಿನ ಪಟ್ಟಿಯಿಂದ ಆರಂಭಿಸಬೇಕು. ಪಟ್ಟಿಯ ಅಂಚನ್ನು ಸಲಿಕೆಯಿಂದ ಕಡಿದು, ಗಾರ್ಡನ್ ಫೋರ್ಕ್‌ನಿಂದ ಬೇರು ಸಡಿಲಿಸುತ್ತಾ ಚಾಪೆ ಸುತ್ತಿದಂತೆ ಅಡ್ಡಕ್ಕೇ ಸುತ್ತಿಕೊಂಡು ಹೋಗುವುದು. ಸುರುಳಿ ದಪ್ಪವಾದರೆ ಹೊರಳಿ ಕೆಳಗೆ ಬೀಳುತ್ತದೆ. ಮೂರು-ನಾಲ್ಕು ಅಡಿಗೊಮ್ಮೆ ಕತ್ತರಿಸಿ, ಮಣ್ಣು ಅಲ್ಲೇ ಕೊಡವಿ.

ಕಿತ್ತದ್ದನ್ನು ಹಸಿಯಾಗಿ ಗೊಬ್ಬರಗುಂಡಿಗಾಗಲಿ ಹಳ್ಳಕ್ಕಾಗಲಿ ಹಾಕಬೇಡಿ. ಸಿಲ್ಪಾಲಿನ್ (ಪ್ಲಾಸ್ಟಿಕ್ ಟಾರ್ಪಾಲು) ಮೇಲೆ ತೆಳ್ಳಗೆ ಹರಡಿ, ಮಗುಚುತ್ತಾ, ಕಾಂಡ ಪಟಪಟ ಮುರಿಯುವವರೆಗೆ ಒಣಗಿಸಬೇಕು. ರಾಶಿ ಹಾಕಿದರೆ ಒಳಗೆ ವಾರಗಟ್ಟಲೆ ಹಸಿರಾಗೇ ಇರುತ್ತದೆ. ಕಳೆನಾಶಕದ ಗೋಜಿಗೆ ನಾನು ಹೋಗುವುದಿಲ್ಲ: ಧರೆಯ ನೀರೆಲ್ಲ ಇಳಿಯುವುದು ಬಾವಿ, ಹಳ್ಳದ ಕಡೆಗೆ.

ತೆರವಾದ ಪಟ್ಟಿಗೆ ನಾಲ್ಕು ಇಂಚು ದರಗು (ಉದುರಿದ ಒಣ ಎಲೆ) ಹರಡಿ, ಅದು ಜಾರದಂತೆ ಅಡಿಕೆ ಸೋಗೆಯನ್ನು ಅಡ್ಡಲಾಗಿಟ್ಟು ಗೂಟ ಹೊಡೆಯುತ್ತೇನೆ. ಮೇ ತಿಂಗಳ ಅಡ್ಡಮಳೆ ತಡೆಯುವುದು ಈ ಹೊದಿಕೆಯೇ. ಹದಿನೈದು ದಿನಕ್ಕೊಮ್ಮೆ ಚಿಗುರು ಕೀಳಬೇಕು. ಪಕ್ಕದ ಪಟ್ಟಿಯಿಂದ ದಾಟುವ ಬಳ್ಳಿಯನ್ನೂ ಆಗಲೇ ಕತ್ತರಿಸಿ.

ನೆಡುವುದು ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ. ಬಿಸಿಲು ಬೀಳುವ ಧರೆಗೆ ಲಾವಂಚ: ಎರಡು-ಮೂರು ಕಂದಿನ ಬುಡ, ಎಲೆ ಎಂಟು ಇಂಚಿಗೆ ಕತ್ತರಿಸಿದ್ದು, ಸಾಲಿನಲ್ಲಿ ನಾಲ್ಕರಿಂದ ಆರು ಇಂಚಿಗೊಂದು. ಎತ್ತರ ಮೂರಡಿ ಇಳಿದಂತೆಲ್ಲ ಇನ್ನೊಂದು ಸಾಲು. ನೆರಳಿನಲ್ಲಿ ಲಾವಂಚ ಸೊರಗುತ್ತದೆ. ಸಾಲುಗಳ ನಡುವೆ ಕೇಪಳ, ನೆಕ್ಕರಿಕ, ಮಜ್ಜಿಗೆಹುಲ್ಲು ನಡೆಯುತ್ತವೆ. ಶುಂಠಿ, ಅರಿಶಿನ ಮಾತ್ರ ಬೇಡ. ಪ್ರತಿ ವರ್ಷ ಅಗೆದು ಮಣ್ಣು ಸಡಿಲವಾಗುತ್ತದೆ.

ಕೊನೆಗೆ ಉಳಿಯುವುದು ಕಲ್ಲುಕಟ್ಟಣೆಯ ಸಂದಿನ ಬೇರು. ಅದಕ್ಕಾಗಿ ಕಲ್ಲು ಕೀಳಬೇಡಿ. ಎಲೆ ಬಿಟ್ಟಾಗಲೆಲ್ಲ ಚಿವುಟುತ್ತಿದ್ದರೆ ಬಲ ಕುಂದಿ ಸಾಯುತ್ತದೆ, ನಿಧಾನವಾಗಿ.