ಒಂದು ಕುಂಬಳಕಾಯಿ ಏಳು ಸಲ ಮಾರಿದ ಕತೆ

ಬೆಟಗೇರಿಯ ಬಾಸೆಲ್ ಮಿಷನ್ ದೇವಾಲಯದಲ್ಲಿ ಸುಗ್ಗಿ ಹಬ್ಬದ ಲಿಲಾವು ನೋಡುತ್ತಾ ಬೆಳೆದವಳು ನಾನು. ಈಗ ಪೂರ್ವ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಆಂಗ್ಲಿಕನ್ ಚರ್ಚಿನ ಖಜಾಂಚಿ. ಅಲ್ಲಿನ ಲಿಲಾವನ್ನೇ ಇಲ್ಲಿಗೆ ತಂದು ಛಾವಣಿಯ ದುಡ್ಡು ಎತ್ತಿದೆ. ಇಲ್ಲಿಯವರಿಗೆ ಇದು ಒಗ್ಗಲ್ಲ ಅಂತ ಎಲ್ಲರೂ ಹೇಳಿದ್ದರು. ಒಗ್ಗಿತು.

2019ರಲ್ಲಿ ಚರ್ಚಿನ ಲೆಕ್ಕದ ಪುಸ್ತಕ ನನ್ನ ಕೈಗೆ ಬಂದಾಗ ಭಾನುವಾರಕ್ಕೆ ಬರುತ್ತಿದ್ದವರು ಸುಮಾರು 30 ಜನ. ವರ್ಷದ ಆದಾಯ ಹತ್ತಿರ ಹತ್ತಿರ 36,000 ಪೌಂಡ್. ಅದರಲ್ಲಿ ಡಯಾಸಿಸ್‌ಗೆ (ಬಿಷಪ್ ನೋಡಿಕೊಳ್ಳುವ ಪ್ರಾಂತಕ್ಕೆ) ಪ್ರತಿ ಚರ್ಚು ಕೊಡುವ ಪಾಲು, ಅಂದರೆ ಪ್ಯಾರಿಷ್ ಶೇರ್, 24,000. ಹೀಟಿಂಗ್ ಎಣ್ಣೆ 3,500, ವಿಮೆ 2,800ರ ಹತ್ತಿರ. ಐದು ವರ್ಷಕ್ಕೊಮ್ಮೆ ಆರ್ಕಿಟೆಕ್ಟ್ ಬಂದು ಕಟ್ಟಡ ನೋಡುತ್ತಾರಲ್ಲ, ಆ ವರದಿಯಲ್ಲಿ ದಕ್ಷಿಣದ ಛಾವಣಿ, ಮಳೆನೀರಿನ ದೋಣಿ ಎರಡೂ ಹೋಗಿವೆ ಅಂತ ಬರೆದಿತ್ತು. ಅದಕ್ಕೂ ಮೊದಲೇ ಕಳ್ಳರು ಅಲ್ಲಿನ ಸೀಸದ ಹಾಳೆ ಕಿತ್ತುಕೊಂಡು ಹೋಗಿದ್ದರು. ವಿಮೆಯಿಂದ ಬಂದದ್ದು 7,000. ಕೆಲಸಕ್ಕೆ ಬೇಕಾದದ್ದು ಸುಮಾರು 34,000, ಮೇಲೆ 20% ವ್ಯಾಟ್. ಮಳೆ ಬಂದರೆ ಬಲಗಡೆಯ ಮೂರು ಬೆಂಚು ಖಾಲಿ ಬಿಡುತ್ತಿದ್ದೆವು.

ಚರ್ಚಿನ ಆಡಳಿತ ಸಮಿತಿಯಾದ ಪಿಸಿಸಿಗೆ ಗೊತ್ತಿದ್ದ ದಾರಿಗಳನ್ನೆಲ್ಲ ಮೊದಲು ಹಿಡಿದೆವು. ಗಿಫ್ಟ್ ಡೇ, ಅಂದರೆ ವಿಶೇಷ ಕಾಣಿಕೆಯ ದಿನ, ಮಾಡಿ ಬಾಗಿಲಲ್ಲಿ ಕುಳಿತೆವು, ಸುಮಾರು 900 ಪೌಂಡ್ ಬಂತು. ಎಲ್ಲವೂ ಆಗಲೇ ಪ್ರತಿ ವಾರ ಕೊಡುತ್ತಿದ್ದವರ ದುಡ್ಡು. ಫೆಬ್ರವರಿಯಲ್ಲಿ ಒಂದು ಸಂಗೀತ ಕಚೇರಿ ಇಟ್ಟೆವು. ಟಿಕೆಟ್‌ನಿಂದ 210 ಬಂತು, ಚರ್ಚು ಬೆಚ್ಚಗೆ ಮಾಡಲು 180 ಪೌಂಡಿನ ಎಣ್ಣೆ ಉರಿಯಿತು. ಕಾಫಿ ಮಾರ್ನಿಂಗ್ ವಿಷಯ ಬಿಡಿ.

ಆ ಸೆಪ್ಟೆಂಬರಿನಲ್ಲಿ ನಾನು ಲಿಲಾವಿನ ಮಾತು ತೆಗೆದೆ. ಚರ್ಚಿನ ವ್ಯವಸ್ಥೆ ನೋಡಿಕೊಳ್ಳುವ ಇಬ್ಬರು ವಾರ್ಡನ್‌ಗಳಲ್ಲಿ ಒಬ್ಬರು, "ನಮ್ಮವರು ನೆರೆಯವನ ಮುಂದೆ ದುಡ್ಡಿನ ಮಾತು ಆಡಲ್ಲ, ಇನ್ನು ಕೂಗಿ ಹೇಳ್ತಾರಾ?" ಅಂದರು. ನಮ್ಮ ವಿಕರ್‌ಗೆ, ಅಂದರೆ ಪಾದ್ರಿಗೆ, ಚರ್ಚು ಸಂತೆಯಾಗುತ್ತದೆ ಅನ್ನೋ ಭಯ. ಆದರೂ ಒಪ್ಪಿದರು. ಭಾನುವಾರ ಆರಾಧನೆ ಮುಗಿದ ಮೇಲೆ ಮಾಡಿದೆ. ಉಳಿದದ್ದು 14 ಜನ. ಒಬ್ಬರು ಬೆಲೆ ಹೇಳಿದರೆ ಇನ್ನೊಬ್ಬರು ಮರ್ಯಾದೆಗೆ ಸುಮ್ಮನಾಗುತ್ತಿದ್ದರು. ಬಂದದ್ದು 140 ಪೌಂಡ್. ಅದೂ ದಕ್ಕಲಿಲ್ಲ. "ಚರ್ಚಿಗಾಗಿ" ಅಂತ ಹೇಳಿ ಎತ್ತಿದ್ದರಿಂದ ಸಾಮಾನ್ಯ ನಿಧಿಗೆ ಸೇರಿತು, ಅಲ್ಲಿಂದ ಪ್ಯಾರಿಷ್ ಶೇರ್‌ಗೆ ಹೋಯಿತು. ತಪ್ಪು ನನ್ನದೇ. ಅವತ್ತಿನಿಂದ ಪ್ರತಿ ಕಾಗದದ ಮೇಲೂ "ಛಾವಣಿಗೆ ಮಾತ್ರ" ಅಂತ ಬರೆಸುತ್ತೇನೆ. ಹಾಗೆ ಬರೆದು ಎತ್ತಿದ ದುಡ್ಡನ್ನು ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ.

2020ರಲ್ಲಿ ಚರ್ಚೇ ಮುಚ್ಚಿತು. ನನಗೆ ಆಸ್ಪತ್ರೆಯ ರಾತ್ರಿ ಪಾಳಿ ಬಿಟ್ಟರೆ ಬೇರೇನೂ ಇರಲಿಲ್ಲ. ದಾರಿ ಸಿಕ್ಕಿದ್ದು ಅದರ ಮುಂದಿನ ವರ್ಷ, ಬಾಗಿಲಿಗೆ ಅಂಟಿಸುವ ವಾರ್ಷಿಕ ಸಭೆಯ ನೋಟಿಸ್ ಓದುವಾಗ. ಎರಡು ವಾರ್ಡನ್‌ಗಳನ್ನು ಆರಿಸುವ ಸಭೆಗೆ ಚರ್ಚಿನ ಮತದಾರರ ಪಟ್ಟಿಯಲ್ಲಿ ಇರುವವರಷ್ಟೇ ಅಲ್ಲ, ಪ್ಯಾರಿಷ್ (ಚರ್ಚಿಗೆ ಸೇರಿದ ಪ್ರದೇಶ) ಗಡಿಯೊಳಗೆ ಇದ್ದು ಸರ್ಕಾರದ ಮತದಾರರ ಪಟ್ಟಿಯಲ್ಲಿರುವ ಯಾರಾದರೂ ಬಂದು ವೋಟು ಹಾಕಬಹುದು. ಆರಾಧನೆಗೆ ಬರದವರೂ, ಬೇರೆ ಧರ್ಮದವರೂ. ನಮ್ಮ ಕಡೆ ಚರ್ಚಿನ ಚುನಾವಣೆ ಚರ್ಚಿನ ಸದಸ್ಯರದ್ದೇ ಅಲ್ವಾ? ಇಲ್ಲಿ ಹಾಗಲ್ಲ, ಚರ್ಚು ಇಡೀ ಊರಿನದ್ದು. ಆದರೆ ನಾವು ದುಡ್ಡು ಕೇಳುತ್ತಿದ್ದದ್ದು ಮಾತ್ರ 30 ಜನರನ್ನು.

ಆರಾಧನೆಯ ಖರ್ಚು ಆರಾಧನೆಗೆ ಬರುವವರದ್ದು, ಗೋಡೆ ಛಾವಣಿಯ ಖರ್ಚು ಊರಿನದ್ದು ಅಂತ ಎರಡು ಭಾಗ ಮಾಡಿದೆ. ಹಳ್ಳಿಯ 310 ಮನೆಗೂ ಒಂದೊಂದು ಪುಟದ ಪತ್ರ. ಅದರಲ್ಲಿ ಅಂಕಿ ಜಾಸ್ತಿ, ಬೈಬಲ್ ವಚನ ಒಂದೇ. ಪಾಳಿ ಮುಗಿಸಿ ಬೆಳಿಗ್ಗೆ ನಾನೇ ನಡೆದು ಹಾಕಿದೆ. ವಾರ್ಷಿಕ ಸಭೆಗೆ ಯಾವಾಗಲೂ 11 ಜನ ಬರುತ್ತಿದ್ದರು, ಆ ವರ್ಷ 40 ದಾಟಿತು. ಸುಮಾರು 25 ಮನೆಯವರು ಛಾವಣಿ ನಿಧಿಗೆ ತಿಂಗಳ ದುಡ್ಡು ಬರೆದುಕೊಟ್ಟರು. ಎಲ್ಲ ಸೇರಿ ತಿಂಗಳಿಗೆ 200ರ ಆಸುಪಾಸು.

ಲಿಲಾವನ್ನು ಭಾನುವಾರದಿಂದ ತೆಗೆದು ಶುಕ್ರವಾರ ರಾತ್ರಿಯ ಸುಗ್ಗಿ ಊಟಕ್ಕೆ ಹಾಕಿದೆ. ಜಾಗ ಊರಿನ ಹಾಲ್, ಹೀಗಾಗಿ ವಿಕರ್ ಭಯವೂ ಹೋಯಿತು. ತರಕಾರಿ, ಜೇನು, ಗೋಧಿ ತೆನೆಯ ಆಕಾರದ ದೊಡ್ಡ ಬ್ರೆಡ್, ಒಂದು ಟ್ರೇಲರ್ ಸೌದೆ, ಒಬ್ಬ ರೈತರ ಡಿಗ್ಗರ್ (ಮಣ್ಣು ಅಗೆಯುವ ಯಂತ್ರ) ಅರ್ಧ ದಿನಕ್ಕೆ. ಮುಖ್ಯವಾದದ್ದು ನಮ್ಮೂರಿನ ಪದ್ಧತಿ. ಗೆದ್ದವರು ದುಡ್ಡು ಕೊಟ್ಟು ವಸ್ತುವನ್ನು ಮತ್ತೆ ಲಿಲಾವಿಗೇ ಬಿಡುವುದು. ಬೆಟಗೇರಿಯಲ್ಲಿ ಒಂದೇ ತೆಂಗಿನಕಾಯಿ ಎಷ್ಟು ಸಲ ತಿರುಗುತ್ತಿತ್ತು ಅಂತ ಊಟಕ್ಕೆ ಮೊದಲೇ ಬಂದವರಿಗೆ ಹೇಳಿದೆ. ಮೊದಲ ಕುಂಬಳಕಾಯಿ ಗೆದ್ದ ಅಜ್ಜ ಎದ್ದು ನಿಂತು, "ಇದನ್ನ ವಾಪಸ್ ಇಡಿ" ಅಂದರು. ಹಾಲ್ ಪೂರ್ತಿ ಚಪ್ಪಾಳೆ. ಆ ಕುಂಬಳಕಾಯಿ ಏಳು ಸಲ ಮಾರಾಟವಾಯಿತು, 410 ಪೌಂಡ್ ತಂತು. ಕೂಗಲ್ಲ ಅಂದಿದ್ದ ವಾರ್ಡನ್ ಐದನೇ ಸಲ ಕೂಗಿದರು. ಅವತ್ತು ಒಟ್ಟು 2,300.

ಮೊದಲ ಕೂಗು ಯಾರ ಬಾಯಲ್ಲಿ ಬರಬೇಕು, ಯಾವ ವಸ್ತು ಆದ ಮೇಲೆ ಯಾವುದು ಎತ್ತಬೇಕು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಲೆಕ್ಕದ ಇನ್ನೊಂದು ವಿಷಯ ಮಾತ್ರ ಹೇಳಲೇಬೇಕು. ತೆರಿಗೆ ಕಟ್ಟುವವರ ಕಾಣಿಕೆಗೆ ಸರ್ಕಾರ 25% ಸೇರಿಸುವ ಗಿಫ್ಟ್ ಏಡ್ ಲಿಲಾವಿನ ದುಡ್ಡಿಗೆ ಸಿಗಲ್ಲ ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ಅಂಗಡಿಯಲ್ಲಿ ಸಿಗುವ ವಸ್ತುವಾದರೆ, ಅದರ ಬೆಲೆ ಕೊಳ್ಳುವವರಿಗೆ ಮೊದಲೇ ತಿಳಿದಿದ್ದರೆ, ಮೇಲಿನ ಮೊತ್ತವನ್ನು ಕಾಣಿಕೆ ಅಂತ ಕ್ಲೇಮ್ ಮಾಡಬಹುದು. ಅದಕ್ಕೇ ಪ್ರತಿ ವಸ್ತುವಿಗೂ ಚೀಟಿ ಅಂಟಿಸಿದೆ. ಜೇನಿನ ಬಾಟಲಿ, ಅಂಗಡಿ ಬೆಲೆ 6 ಪೌಂಡ್. 46ಕ್ಕೆ ಹೋದರೆ 40 ಕಾಣಿಕೆ, ಅದರ ಮೇಲೆ ಸರ್ಕಾರದಿಂದ 10. ತೆರಿಗೆ ಕಟ್ಟುವವರ ಸಹಿ ಅಲ್ಲೇ ಮೇಜಿನ ಮೇಲೆ ತೆಗೆದುಕೊಂಡುಬಿಡಿ, ಮಾರನೇ ದಿನ ಯಾರೂ ಸಿಗಲ್ಲ. ಮೂರು ವರ್ಷಕ್ಕೆ ಇದರಿಂದಲೇ 2,000 ಮೀರಿ ಬಂತು. ಲೆಕ್ಕ ಪರಿಶೀಲಿಸುವವರು ಚೀಟಿಗಳನ್ನೆಲ್ಲ ನೋಡಿ ಒಂದೂ ತಳ್ಳಲಿಲ್ಲ.

ಲಿಲಾವಿನಿಂದ 2022ರಲ್ಲಿ 4,900 ಬಂತು, 2023ರಲ್ಲಿ 5,600. ನಡುವೆ ಬೇರೆ ಪ್ರಯೋಗಗಳೂ ಆದವು. ಕ್ರಿಸ್‌ಮಸ್ ಕ್ಯಾರಲ್ ರಾತ್ರಿ ಬಾಗಿಲ ಹತ್ತಿರ ಕಾರ್ಡ್ ತಾಗಿಸುವ ಯಂತ್ರ ಇಟ್ಟೆ. 30 ಪೌಂಡಿನೊಳಗಿನ ಕಾಣಿಕೆಗೆ ಸಹಿ ಇಲ್ಲದೆಯೂ ಸರ್ಕಾರ 25% ಸೇರಿಸುವ ಯೋಜನೆ ಇದೆ, ಕಾಣಿಕೆ ತಟ್ಟೆಗೆ ಬಿದ್ದ ಚಿಲ್ಲರೆಗೂ ಅದು ಸಿಗುತ್ತದೆ. ಚಳಿಗೆ ಬ್ಯಾಟರಿಯ ಬಿಸಿ ದಿಂಬು ಆರು ತಂದೆವು. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದಿಂದ ಈಸ್ಟರ್‌ಗೆ ಮುಂಚಿನ ಲೆಂಟ್‌ವರೆಗೆ ಹಿರಿಯರು ಅದರ ಮೇಲೇ ಕುಳಿತರು, ಎಣ್ಣೆ ಸ್ವಲ್ಪ ಉಳಿಯಿತು. ಸುಗ್ಗಿ ಊಟಕ್ಕೆ ಒಂದು ವರ್ಷ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದೆ. 80 ಜನಕ್ಕೆ ರೊಟ್ಟಿ ತಟ್ಟುವುದು ಒಬ್ಬಳ ಕೆಲಸ ಅಲ್ಲ. ಈಗ ಚಿತ್ರಾನ್ನ ಮಾಡುತ್ತೇನೆ.

ಅನುಮತಿಯ ಕೆಲಸ ದುಡ್ಡಿನಷ್ಟೇ ದೊಡ್ಡದು. ಮತ್ತೆ ಸೀಸ ಹಾಕಿದರೆ ಮತ್ತೆ ಕಳ್ಳರು. ತವರ ಲೇಪಿಸಿದ ಸ್ಟೇನ್‌ಲೆಸ್ ಸ್ಟೀಲ್ ಬೇಕು ಅಂತ ನಾವು ಹಟ ಹಿಡಿದೆವು. ಡಯಾಸಿಸ್‌ನ ಸಲಹಾ ಸಮಿತಿಯವರು ಬಂದು ನೋಡಿದರು, 28 ದಿನ ಬಾಗಿಲಲ್ಲಿ ನೋಟಿಸ್ ಹಾಕಿದೆವು. ಆಮೇಲೆ ಡಯಾಸಿಸ್‌ನ ನ್ಯಾಯಾಧೀಶರಾದ ಚಾನ್ಸಲರ್ ಕಡೆಯಿಂದ ಫ್ಯಾಕಲ್ಟಿ, ಅಂದರೆ ಕಟ್ಟಡ ಮುಟ್ಟಲು ಬೇಕಾದ ಅನುಮತಿ, ಬಂತು. ಎಲ್ಲ ಸೇರಿ ಎಂಟು ತಿಂಗಳು. ಅಷ್ಟರಲ್ಲಿ ಒಂದು ಟ್ರಸ್ಟಿನಿಂದ 8,000 ಅನುದಾನ ಸಿಕ್ಕಿತ್ತು. 2024ರ ಬೇಸಿಗೆಯಲ್ಲಿ ಕೆಲಸ ಮುಗಿಯಿತು. ಹಳೇ ಚರ್ಚುಗಳಿಗೆ ಇದ್ದ ಯೋಜನೆಯಲ್ಲಿ ವ್ಯಾಟ್ ವಾಪಸ್ ಬಂತು. ಸಾಲ ಒಂದು ಪೌಂಡೂ ಇಲ್ಲ.

ಆರು ವರ್ಷಕ್ಕೊಮ್ಮೆ ಚರ್ಚಿನ ಪಟ್ಟಿಯನ್ನು ಹೊಸದಾಗಿ ಬರೆಯಬೇಕು. 2019ರಲ್ಲಿ 46 ಹೆಸರಿದ್ದವು, 2025ರಲ್ಲಿ 61. ಹೊಸಬರಲ್ಲಿ ಆ ಡಿಗ್ಗರ್ ರೈತರೂ ಇದ್ದಾರೆ, ಈಗ ಅವರು ಪಿಸಿಸಿಯಲ್ಲಿ ಕಟ್ಟಡದ ಕೆಲಸ ನೋಡುತ್ತಾರೆ. ಆರ್ಕಿಟೆಕ್ಟ್ ಬರೆಯುವ ಮುಂದಿನ ವರದಿಯಲ್ಲಿ ಉತ್ತರದ ಗೋಡೆಯ ಕಲ್ಲು ಬರುತ್ತದೆ ಅಂತ ಅವರೇ ಏಣಿ ಹತ್ತಿ ನೋಡಿ ಹೇಳಿದ್ದಾರೆ. ಅವರ ಹೊಲದ ಮೂಲೆಯಲ್ಲಿ ನನಗಾಗಿ ನಾಲ್ಕು ಕುಂಬಳದ ಬಳ್ಳಿ ಈಗಲೇ ಹಾಕಿಸಿದ್ದೇನೆ.