ಪರದೇಶಕ್ಕೆ ಹೊರಟವರ ಗಂಟು ಕಟ್ಟುವ ಮುಂಚೆ

ಮಗಳು ಪರದೇಶಕ್ಕೆ ಹೊರಟಳು ಅಂದರೆ ನಮ್ಮ ಬಾಗಲಕೋಟೆ ಕಡೆ ಅಕ್ಕಿ, ಕೊಬ್ಬರಿ ಬಟ್ಟಲು, ವೀಳ್ಯದೆಲೆ ಹಾಕಿ ಉಡಿ (ಮಡಿಲು) ತುಂಬದೆ ಕಳಿಸುವುದಿಲ್ಲ. ತುಂಬಿರಿ, ಬೇಡ ಅನ್ನುವುದಿಲ್ಲ. ಆದರೆ ಹೊರಡುವ ದಿನ ತುಂಬಿ ಅದನ್ನೇ ಬ್ಯಾಗಿಗೆ ತುರುಕಬೇಡಿ. ಕೊಬ್ಬರಿ ಬಟ್ಟಲಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹಿಡಿಯುತ್ತದೆ ಅಂತ ವಿಮಾನದವರು ತೆಗೆಸುತ್ತಾರೆ. ಭಾರತದ ಅಕ್ಕಿಯನ್ನು ಪ್ರಯಾಣಿಕರ ಚೀಲದಲ್ಲಿ ಅಮೆರಿಕ ಒಳಗೆ ಬಿಡುವುದಿಲ್ಲ. ಕಾಳು ತಿನ್ನುವ ಖಾಪ್ರಾ ಹುಳದ ಭಯ ಅವರಿಗೆ. ವೀಳ್ಯದೆಲೆಗೆ ದುಬೈಯಲ್ಲಿ ನಿಷೇಧ. ಅದಕ್ಕೆ ನಾಲ್ಕು ದಿನ ಮೊದಲೇ ಉಡಿ ತುಂಬಿ, ಆ ಅಕ್ಕಿಯಲ್ಲಿ ಪಾಯಸ ಮಾಡಿ ಅವಳಿಗೇ ಉಣಿಸಿಬಿಡಿ. ಶಾಸ್ತ್ರವೂ ಆಯಿತು, ತೂಕವೂ ಉಳಿಯಿತು.

ಗಸಗಸೆ ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಅದು ಅಫೀಮಿನ ಗಿಡದ ಬೀಜ. ನಮಗೆ ಅಡಿಗೆ ಸಾಮಾನು, ದುಬೈ, ಸಿಂಗಪುರದಂಥ ಕಡೆ ಮಾದಕ ವಸ್ತುವಿನ ಲೆಕ್ಕ. ಸಿಕ್ಕಿಬಿದ್ದರೆ ಜೈಲಿನವರೆಗೂ ಹೋಗಬಹುದು. ಗಸಗಸೆ ಪೊಟ್ಟಣವನ್ನು ಯಾರೂ ಬೇಕಂತಲೇ ಒಯ್ಯುವುದಿಲ್ಲ, ಅದು ಬೇರೆ ತಿಂಡಿಯೊಳಗೆ ಕೂತು ಹೋಗುತ್ತದೆ. ಅಮೀನಗಡದ್ದಿರಲಿ, ಗೋಕಾಕದ್ದಿರಲಿ, ಕರದಂಟಿಗೆ ಗಸಗಸೆ ಹಾಕುವವರಿದ್ದಾರೆ. ಅಂಗಡಿಯವರನ್ನು ಬಾಯಿಬಿಟ್ಟು ಕೇಳಿ. ಬಾಣಂತನಕ್ಕೆ ಅಂತ ಹೋಗುವ ತಾಯಂದಿರು ಅಂಟಿನ ಉಂಡಿ ಕಟ್ಟುವಾಗ ಗಸಗಸೆ ಬಿಟ್ಟೇ ಕಟ್ಟಿರಿ. ಮಸಾಲೆ ಖಾರ ಕುಟ್ಟಿಸುವಾಗಲೂ ಅಷ್ಟೇ.

ಬೆಳಗಾವಿ ಕುಂದಾ ಮೇಲೆ ನನಗೂ ಆಸೆ. ಆದರೆ ಅದು ಹಾಲಿನದ್ದು. ನಮ್ಮ ದೇಶದಿಂದ ಹಾಲಿನ ಪದಾರ್ಥ, ಮಾಂಸ ಎರಡನ್ನೂ ಜರ್ಮನಿ, ಫ್ರಾನ್ಸಿನಂಥ ಯುರೋಪಿನ ದೇಶಗಳು ಚೀಲದಲ್ಲಿ ತರಗೊಡುವುದಿಲ್ಲ, ಇಂಗ್ಲೆಂಡೂ ಹಾಗೇ. ಅಮೆರಿಕಕ್ಕೆ ಹಸಿ ಕರಿಬೇವು, ಮಾವಿನಹಣ್ಣು ಬೇಡ. ಆಸ್ಟ್ರೇಲಿಯಾದವರು ಎಲ್ಲರಿಗಿಂತ ಬಿಗಿ. ವಿಮಾನದಲ್ಲೇ ಫಾರ್ಮ್ ಕೊಟ್ಟು ತಿನ್ನುವ ಪದಾರ್ಥ ಇದೆಯಾ ಅಂತ ಕೇಳುತ್ತಾರೆ. ಒಂದು ಹಿಡಿ ಪುಟಾಣಿ ಇದ್ದರೂ ಹೌದು ಅಂತಲೇ ಬರೆಯಿರಿ. ಹೇಳಿದರೆ ಹೆಚ್ಚೆಂದರೆ ಆ ಸಾಮಾನು ಇಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟರೆ ದಂಡ, ಅದೂ ನಮ್ಮ ರೂಪಾಯಿಯಲ್ಲಿ ಲೆಕ್ಕ ಹಾಕಿದರೆ ಎದೆ ಒಡೆಯುವಷ್ಟು.

ಹಾಗಾದರೆ ಏನು ಕಳಿಸಬೇಕು ಅಂತೀರಾ? ಕಡಕ್ ರೊಟ್ಟಿ, ಹಿಂಡಿ ಅಂದರೆ ಚಟ್ನಿಪುಡಿ. ನಮ್ಮವರು ಇದನ್ನು ಕಂಡುಹಿಡಿದದ್ದೇ ದೂರ ಹೋಗುವವರಿಗಾಗಿ ಅನಿಸುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ಪೂರ್ತಿ ಗರಿಗರಿ ಆಗುವ ತನಕ ಒಣಗಿಸಿ. ತುಸು ಮೆತ್ತಗಿದ್ದರೂ ಬೂಸ್ಟು ಬರುತ್ತದೆ. ದುಂಡನೆ ಡಬ್ಬಿಯಲ್ಲಿ ಒಂದರ ಮೇಲೊಂದು ಇಟ್ಟು, ಸುತ್ತ ಉಳಿದ ಜಾಗಕ್ಕೆ ಹಳೇ ಹತ್ತಿ ಸೀರೆಯ ತುಂಡು ಒತ್ತಿರಿ. ಈ ಡಬ್ಬಿ ಕೈಚೀಲದಲ್ಲಿರಲಿ. ದೊಡ್ಡ ಬ್ಯಾಗುಗಳನ್ನು ಎತ್ತಿ ಒಗೆಯುತ್ತಾರೆ, ಆ ಕಡೆ ಹೋಗಿ ತೆರೆದರೆ ಬರೀ ಮುರುಕು.

ಹಿಂಡಿ ದೊಡ್ಡ ಬ್ಯಾಗಿಗೇ ಹೋಗಲಿ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಕೈಚೀಲದೊಳಗೆ 350 ಮಿಲಿ ಲೀಟರಿಗಿಂತ ಜಾಸ್ತಿ ಪುಡಿ ಕಂಡರೆ ಬಿಚ್ಚಿ ನೋಡುತ್ತಾರೆ, ಕೆಲವು ಸಲ ಬಿಡುವುದೂ ಇಲ್ಲ. ತುಪ್ಪ, ಉಪ್ಪಿನಕಾಯಿ ಕೂಡ ಕೈಚೀಲದಲ್ಲಿ ಬೇಡ. ಶೇಂಗಾ, ಗುರೆಳ್ಳು, ಅಗಸಿ ಎಲ್ಲವನ್ನೂ ಹದವಾಗಿ ಹುರಿದು, ಪೂರ್ತಿ ಆರಿದ ಮೇಲೆ ಕುಟ್ಟಿ ತುಂಬಿರಿ. ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು ಅಂಟಿಸಿ. ಕಪ್ಪನೆ ಪುಡಿ ಕಂಡರೆ ಆಫೀಸರಿಗೆ ಅನುಮಾನ ಬರುವುದು ಸಹಜ ಅಲ್ವಾ? ಅಲ್ಲಿಗೆ ಹೋದ ಮೇಲೆ ಫ್ರಿಜ್ಜಿನಲ್ಲಿಡಲು ಹೇಳಿ. ಅಗಸಿ ಹಿಂಡಿ ಬೇಗ ಕಮಟಾಗುತ್ತದೆ.

ಗುಳಿಗೆಗಳು ಅವುಗಳ ಹಾಳೆಯಲ್ಲೇ ಇರಲಿ, ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲಿ. ಪವರ್ ಬ್ಯಾಂಕ್ ಕೂಡ ಅಲ್ಲೇ.

ಮಿಕ್ಸಿ ಒಯ್ಯುವ ಹಟ ಕೆಲವರಿಗೆ. ಇಂಗ್ಲೆಂಡಿಗಾದರೆ ಒಯ್ಯಿರಿ, ಅಲ್ಲಿಯೂ 230 ವೋಲ್ಟು, ಪಿನ್ ಅಷ್ಟೇ ಬೇರೆ. ಅಮೆರಿಕದಲ್ಲಿ 120 ವೋಲ್ಟು, ಇಲ್ಲಿನ ಮಿಕ್ಸಿ ಅಲ್ಲಿ ಸರಿಯಾಗಿ ತಿರುಗುವುದಿಲ್ಲ. ಕುಕ್ಕರ್ ಒಯ್ದರೆ ತಳ ಇಂಡಕ್ಷನ್ನಿಗೆ ಆಗುವಂಥದ್ದೇ ನೋಡಿ, ಬರೀ ಅಲ್ಯುಮಿನಿಯಂ ತಳ ಕಾಯುವುದೇ ಇಲ್ಲ.

ಒಗ್ಗರಣೆ ಹಾಕುವ ಮುಂಚೆ ಒಲೆ ಮೇಲಿನ ಫ್ಯಾನು ಹಚ್ಚಿ, ಕಿಟಕಿ ತೆಗೆಯಿರಿ. ಅಲ್ಲಿ ಮನೆಯೊಳಗೆ ಸೂರಿಗೆ ಹೊಗೆ ಪತ್ತೆ ಹಚ್ಚುವ ಯಂತ್ರ ಇರುತ್ತದೆ. ಮೆಣಸಿನಕಾಯಿ ಘಾಟು ಎದ್ದರೆ ಕಿರುಚಲು ಶುರು ಮಾಡುತ್ತದೆ. ಅದಕ್ಕೆ ಬಟ್ಟೆ ಸುತ್ತಬೇಡಿ, ನಿಜವಾಗಿ ಬೆಂಕಿ ಬಿದ್ದಾಗ ಎಬ್ಬಿಸುವುದೂ ಅದೇ.

ಜೋಳದ ಹಿಟ್ಟು ಅಲ್ಲಿಯ ಇಂಡಿಯನ್ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಬೀಸಿ ಬಹಳ ದಿನ ಆಗಿರುತ್ತದೆ, ಜಿಗಿ ಇರುವುದಿಲ್ಲ. ಕುದಿಯುವ ಎಸರು ಹಾಕಿ, ಮುಚ್ಚಿಟ್ಟು, ಕೈಗೆ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿರಿ. ಆಗಲೂ ಬಡಿಯುವಾಗ ಸೀಳಿದರೆ ಒಂದಿಷ್ಟು ಗೋಧಿ ಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ ಕಲಸಿ ತಾಲಿಪಟ್ಟಿ ತಟ್ಟಿಬಿಡಿ.