ಷೇರುಪಟ್ಟಿ ಬಿಟ್ಟು ಸಾಲದ ಪುಟ ಹಿಡಿದೆ: ಮಾಧ್ಯಮ ಒಡೆತನ ಹುಡುಕಿದ ನನ್ನ ಅನುಭವ

ಸುದ್ದಿ ಸಂಸ್ಥೆಯ ಮಾಲೀಕರು ಯಾರೆಂದು ಹುಡುಕುವವರು ಮೊದಲು ತೆಗೆಯುವುದು ಕಂಪನಿಯ ವಾರ್ಷಿಕ ವಿವರವಾದ ಎಂಜಿಟಿ-7, ಇಲ್ಲವೇ ಪತ್ರಿಕೆಯ ಮಾರ್ಚ್ ಮೊದಲ ಸಂಚಿಕೆಯ ಮೂಲೆಯಲ್ಲಿ ಬರುವ ಒಡೆತನದ ಹೇಳಿಕೆ, ಫಾರ್ಮ್ 4. ಎರಡೂ ಅರ್ಧ ದಾರಿಗೇ ಕೈಬಿಡುತ್ತವೆ. ಫಾರ್ಮ್ 4ರಲ್ಲಿ ಶೇ 1ಕ್ಕಿಂತ ಹೆಚ್ಚು ಪಾಲಿರುವವರ ಹೆಸರು ಇರುತ್ತದೆ, ನಿಜ. ಆದರೆ ಆ ಹೆಸರು ಇನ್ನೊಂದು ಪ್ರೈವೇಟ್ ಲಿಮಿಟೆಡ್ಡಿನದಾದರೆ ಕಥೆ ಅಲ್ಲಿಗೇ ಮುಗಿಯಿತು. ಹಾಗಾಗಿ ನಾನು ಷೇರು ಬಿಟ್ಟು ಸಾಲದ ಕಡೆಯಿಂದ ಹೊರಟೆ. ಜೊತೆಯವರು ನಕ್ಕರು. ಸಾಲ ಕೊಟ್ಟವರೆಲ್ಲ ಮಾಲೀಕರಾದರೆ ನಮ್ಮೂರ ಸೊಸೈಟಿ ಅರ್ಧ ತಾಲೂಕಿನ ಒಡೆಯ ಆಗಬೇಕಿತ್ತಲ್ಲ ಸ್ವಾಮಿ, ಎಂದರು. ಸೊಸೈಟಿ ಬಡ್ಡಿ ಕೇಳುತ್ತದೆ. ನಾನು ಹುಡುಕುತ್ತಿದ್ದುದು ಬಡ್ಡಿ ಕೇಳದ ಸಾಲವನ್ನು.

ವಿಧಾನ ಸರಿಯೇ ಎಂದು ನೋಡಲು ಫಲಿತಾಂಶ ಮೊದಲೇ ಗೊತ್ತಿರುವ ಪ್ರಕರಣ ಬೇಕು. ಎನ್‌ಡಿಟಿವಿಗಿಂತ ಒಳ್ಳೆಯ ಕಡತ ಸಿಗುವುದಿಲ್ಲ. 2022ರ ಆಗಸ್ಟ್ 23ರಂದು ಅದಾನಿ ಸಮೂಹ ವಿಶ್ವಪ್ರಧಾನ್ ಕಮರ್ಷಿಯಲ್ ಅನ್ನು ಸುಮಾರು 114 ಕೋಟಿಗೆ ಕೊಂಡಾಗ ಎಲ್ಲರೂ ಬೆಚ್ಚಿಬಿದ್ದರು. ಆದರೆ ಬೀಜ ಬಿದ್ದದ್ದು 2009–10ರಲ್ಲೇ. ಹೇಳಿಕೊಳ್ಳುವಂಥ ವ್ಯಾಪಾರವೇ ಇಲ್ಲದ ಆ ಕಂಪನಿ, ಎನ್‌ಡಿಟಿವಿ ಪ್ರವರ್ತಕರ ಆರ್‌ಆರ್‌ಪಿಆರ್ ಹೋಲ್ಡಿಂಗಿಗೆ ಎರಡು ಕಂತಿನಲ್ಲಿ, ಮೊದಲು 350 ಕೋಟಿ, ಆಮೇಲೆ 50 ಚಿಲ್ಲರೆ, ಒಟ್ಟು 400 ಕೋಟಿ ದಾಟಿ ಬಡ್ಡಿಯಿಲ್ಲದೆ ಕೊಟ್ಟಿತ್ತು. ಜೊತೆಗೆ ಷೇರಾಗಿ ಬದಲಾಯಿಸಿಕೊಳ್ಳಬಹುದಾದ ವಾರಂಟ್ ಪಡೆದಿತ್ತು. ಆರ್‌ಆರ್‌ಪಿಆರ್ ಕೈಯಲ್ಲಿ ಎನ್‌ಡಿಟಿವಿಯ ಶೇ 29.18. ಹತ್ತು ರೂಪಾಯಿಯಂತೆ 19,90,000 ವಾರಂಟ್ ಚಲಾಯಿಸಿದರು, ಅಂದರೆ ಎರಡು ಕೋಟಿಗೂ ಕಡಿಮೆ ದುಡ್ಡು, ಆರ್‌ಆರ್‌ಪಿಆರಿನ ಶೇ 99.5 ಕೈಗೆ ಬಂತು. ಆ ಹನ್ನೆರಡು ವರ್ಷವೂ ಷೇರುಪಟ್ಟಿ ಪ್ರವರ್ತಕರ ಹೆಸರನ್ನೇ ತೋರಿಸುತ್ತಿತ್ತು. ಹಳೆಯ ಲೆಕ್ಕಗಳನ್ನಷ್ಟೇ ಎದುರಿಟ್ಟುಕೊಂಡು ಹೋದರೂ ನನ್ನ ವಿಧಾನ ನೇರ ವಿಶ್ವಪ್ರಧಾನ್ ಬಾಗಿಲಿಗೇ ಬಂದು ನಿಂತಿತು. ನಕ್ಕವರಿಗೆ ಆ ಹಾಳೆ ಕಳಿಸಿದೆ, ಉತ್ತರ ಬರಲಿಲ್ಲ.

ಈಗ ಕೆಲಸದ ಮಾತು. ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲಿನಲ್ಲಿ ಕಂಪನಿಯೊಂದಕ್ಕೆ 100 ರೂಪಾಯಿ ಕಟ್ಟಿದರೆ ಕಡತ ತೆರೆಯುತ್ತದೆ. ತೆರೆದ ಮೇಲೆ ಇರುವುದು ಮೂರೇ ಗಂಟೆ, ಆದ್ದರಿಂದ ಓದಲು ಕೂರಬೇಡಿ, ಎಲ್ಲವನ್ನೂ ಇಳಿಸಿಕೊಳ್ಳಿ. ಫಾರ್ಮಿಗಿಂತ ಅದರ ಅಟ್ಯಾಚ್‌ಮೆಂಟಿನಲ್ಲೇ ಜೀವ ಇರುತ್ತದೆ. ವಾರ್ಷಿಕ ಲೆಕ್ಕಪತ್ರದ ಫಾರ್ಮಾದ ಎಒಸಿ-4 ಜೊತೆಗಿನ ಬ್ಯಾಲೆನ್ಸ್ ಶೀಟಿನಲ್ಲಿ 'ದೀರ್ಘಾವಧಿ ಸಾಲ'ದ ಟಿಪ್ಪಣಿ, ಆಮೇಲೆ ಸಂಬಂಧಿತ ವ್ಯಕ್ತಿಗಳ ಲೇವಾದೇವಿ. ಮೊತ್ತ ದೊಡ್ಡದಿದ್ದು ಬಡ್ಡಿ ಖರ್ಚು ಸೊನ್ನೆ ಇದ್ದರೆ ಅಲ್ಲೇ ನಿಲ್ಲಿ. ಮುಂದಿನದು ಎಂಜಿಟಿ-14: ಸಾಲವನ್ನು ಷೇರಾಗಿ ಬದಲಿಸುವ ಷರತ್ತಿಗೆ ಕಂಪನಿ ಕಾಯ್ದೆಯ 62(3) ಪ್ರಕಾರ ಮೊದಲೇ ವಿಶೇಷ ನಿರ್ಣಯ ಆಗಿರಬೇಕು, ಆ ನಿರ್ಣಯದ ಪಠ್ಯ ಇಲ್ಲಿ ಸಿಗುತ್ತದೆ. ಷೇರು ಹಂಚಿಕೆ ನೋಡಲು ಪಿಎಎಸ್-3. ಬಹಳ ಜನ ಸಿಎಚ್‌ಜಿ-1 ಒಂದನ್ನೇ ನೋಡಿ ಸಾಲವೇ ಇಲ್ಲ ಎಂದು ಎದ್ದುಬಿಡುತ್ತಾರೆ. ಅದು ಆಸ್ತಿ ಅಡವಿಟ್ಟಾಗ ಮಾತ್ರ ತುಂಬುವ ಫಾರ್ಮು, ಅಡವಿಲ್ಲದ ಸಾಲ ಅಲ್ಲಿ ಬರುವುದೇ ಇಲ್ಲ.

ಸಾಲಗಾರರ ಪುಸ್ತಕದಲ್ಲಿ ಕೊಟ್ಟವರ ಹೆಸರನ್ನು 'ಇತರರು' ಎಂದು ಮುಚ್ಚಿದ್ದರೆ ಮಗ್ಗುಲು ಬದಲಿಸಬೇಕು. ಕೊಟ್ಟ ಕಂಪನಿಯ ಆಸ್ತಿ ಬದಿಯಲ್ಲಿ ಅದೇ ಮೊತ್ತ ಕೂತಿರಲೇಬೇಕು. ಯಾವ ಕಂಪನಿಯೆಂದು ಊಹಿಸಲು ನಿರ್ದೇಶಕರ ಗುರುತಿನ ಸಂಖ್ಯೆ (ಡಿಐಎನ್), ನೋಂದಾಯಿತ ವಿಳಾಸ, ಲೆಕ್ಕಪರಿಶೋಧಕರು ಈ ಮೂರೂ ಸಾಕು. ನಾಲ್ಕನೆಯ ಗುರುತೊಂದಿದೆ, ಅದನ್ನು ಬರೆದುಬಿಟ್ಟರೆ ಮುಂದಿನ ವರ್ಷದ ಫೈಲಿಂಗಿನಲ್ಲಿ ಅದು ಕಾಣುವುದಿಲ್ಲ, ಹಾಗಾಗಿ ನನ್ನ ಹತ್ತಿರವೇ ಇರಲಿ.

ದುಡ್ಡು ಹೋದದ್ದು ಬೇರೆ ಕಡೆ. ಖಾಸಗಿ ಡೇಟಾ ಸಂಸ್ಥೆಯೊಂದರ ಚಂದಾಕ್ಕೆ ಹತ್ತಾರು ಸಾವಿರ ಸುರಿದೆ. ಬಣ್ಣಬಣ್ಣದ ಒಡೆತನದ ಮರ ಬಂತು, ಎಲ್ಲ ಷೇರು ಆಧಾರಿತ. ಟಿಪ್ಪಣಿಯ ಪುಟ ಒಂದೂ ಇರಲಿಲ್ಲ. ಆರೇಳು ಕಂಪನಿಗಳ ಸರಪಳಿಗೆ ನೂರರಂತೆ ಕಟ್ಟಿ ತೆಗೆದ ಕಾಗದವೇ ಹೆಚ್ಚು ಹೇಳಿತು.

ವಿದೇಶಿ ದುಡ್ಡು ಬಂದಾಗ ಒಂದು ಪದದ ಮೇಲೆ ಕಣ್ಣಿಡಬೇಕು. ನಮ್ಮಲ್ಲಿ ಪತ್ರಿಕೆಗೆ ಮಿತಿ ಶೇ 26 (2002ರಿಂದ), ಸುದ್ದಿ ಚಾನೆಲ್ಲಿಗೆ ಶೇ 49 (2015), ಡಿಜಿಟಲ್ ಸುದ್ದಿಗೆ ಶೇ 26 (2019). ಕಡ್ಡಾಯವಾಗಿ ಷೇರಾಗುವ ಡಿಬೆಂಚರ್ (ಸಾಲಪತ್ರ) ಈ ಮಿತಿಯೊಳಗೆ ಲೆಕ್ಕ. ಐಚ್ಛಿಕವಾಗಿ ಬದಲಾಗುವುದು ವಿದೇಶಿ ವಾಣಿಜ್ಯ ಸಾಲ, ಅದಕ್ಕೆ ಬೇರೆಯೇ ನಿಯಮ. 'ಆಪ್ಷನಲಿ' ಎಂಬ ಪದ ಕಂಡರೆ ಅವಧಿ ಎಷ್ಟು, ಬದಲಿಸುವ ಆಯ್ಕೆ ಯಾರ ಕೈಯಲ್ಲಿ ಎಂದು ನೋಡಿ.

ಇದೇ ಬೀಗದ ಕೈಯನ್ನು ಲಂಡನ್ನಿನ ಟೆಲಿಗ್ರಾಫ್ ಪತ್ರಿಕೆಗೂ ಹಾಕಿ ನೋಡಿದೆ, ತಿರುಗಿತು. ಪತ್ರಿಕೆಯ ಒಡೆಯರಾಗಿದ್ದ ಬಾರ್ಕ್ಲೇ ಕುಟುಂಬ ಲಾಯ್ಡ್ಸ್ ಬ್ಯಾಂಕಿಗೆ ಉಳಿಸಿಕೊಂಡಿದ್ದ ಸುಮಾರು 120 ಕೋಟಿ ಪೌಂಡ್ ಬಾಕಿ 2023ರ ಡಿಸೆಂಬರಿನಲ್ಲಿ ತೀರಿದ್ದು ಹೂಡಿಕೆ ಸಂಸ್ಥೆ ರೆಡ್‌ಬರ್ಡ್ ಐಎಂಐ ಮತ್ತು ಅದರ ಪಾಲುದಾರ ಐಎಂಐ ಕೊಟ್ಟ ಸಾಲದಿಂದ. ರೆಡ್‌ಬರ್ಡ್ ಐಎಂಐನ ಮುಕ್ಕಾಲು ದುಡ್ಡೂ ಅಬುಧಾಬಿಯ ಐಎಂಐನದೇ, ಅದರ ಹಿಂದೆ ಯುಎಇಯ ಉಪಾಧ್ಯಕ್ಷರೂ ಆಗಿರುವ ಶೇಖ್ ಮನ್ಸೂರ್. ಪತ್ರಿಕೆಗಳ ಮೇಲಿನ ಸಾಲದ ಭಾಗವನ್ನು ಒಡೆತನವಾಗಿ ಬದಲಿಸುವುದು ಲೆಕ್ಕಾಚಾರ. ಅಲ್ಲಿನ ಸರ್ಕಾರ ತಡೆದು, 2024ರಲ್ಲಿ ಕಾನೂನನ್ನೇ ತಂದು ವಿದೇಶಿ ಸರ್ಕಾರಗಳಿಗೆ ಪತ್ರಿಕೆಯ ಬಾಗಿಲು ಮುಚ್ಚಿತು. ಮುಂದಿನ ವರ್ಷ ಶೇ 15ರಷ್ಟು ಕಿಂಡಿ ಬಿಟ್ಟಿತು. ಬ್ರಿಟನ್ನಿನ ಕಂಪನೀಸ್ ಹೌಸ್‌ನಲ್ಲಿ ಕಡತ ನೋಡಲು ಕಾಸಿಲ್ಲ, ಆದರೆ ಷೇರಿನ ಲೆಕ್ಕದಲ್ಲಿ ನಿಯಂತ್ರಕರ ಪಟ್ಟಿಗೆ ಶೇ 25 ದಾಟಿದವರು ಮಾತ್ರ ಬರುತ್ತಾರೆ. ಅಲ್ಲಿಯೂ ಸಾಲದ ಪುಟಕ್ಕೇ ಮೊದಲು ಹೋಗುವುದು ಒಳ್ಳೆಯದು.

ಒಡೆತನ ಬದಲಾಗದೆಯೂ ರಾಯಭಾರ ಕಚೇರಿಯ ಮಾತು ಪುಟ ಸೇರುತ್ತದಲ್ಲ, ಅದನ್ನು ಅಳೆಯಲು ಪಕ್ಕದಲ್ಲೊಂದು ಪ್ರಯೋಗ ಮಾಡಿದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 3ನೇ ಕಲಂ ಪತ್ರಿಕೆಯ ಮಾಲೀಕ, ಸಂಪಾದಕ, ಅಂಕಣಕಾರರು ವಿದೇಶಿ ದೇಣಿಗೆ ಪಡೆಯುವುದನ್ನು ನಿಷೇಧಿಸುತ್ತದೆ. 4ನೇ ಕಲಂ ಮಾಮೂಲಿ ವ್ಯಾಪಾರದ ಪಾವತಿಗೆ ವಿನಾಯಿತಿ ಕೊಡುತ್ತದೆ, ಅಂದರೆ ಜಾಹೀರಾತು ನಿರಾತಂಕ. ವಿದೇಶಿ ಆತಿಥ್ಯಕ್ಕೆ ಮುಂಗಡ ಅನುಮತಿ ಕೇಳುವ 6ನೇ ಕಲಂ ಶಾಸಕರು, ನ್ಯಾಯಾಧೀಶರು, ಸರ್ಕಾರಿ ನೌಕರರಂಥವರಿಗೆ. ಆ ಪಟ್ಟಿಯಲ್ಲಿ ಪತ್ರಕರ್ತರಿಲ್ಲ.

ರಾಯಭಾರ ಕಚೇರಿಗಳ ಜಾಹೀರಾತನ್ನು ಸ್ಕೇಲ್ ಹಿಡಿದು ಅಳೆದೆ. ಬ್ರಾಡ್‌ಶೀಟ್ ಪುಟದಲ್ಲಿ ಅಚ್ಚಾಗುವ ಜಾಗ ಹೆಚ್ಚೂಕಡಿಮೆ 33×50 ಸೆಂ.ಮೀ, ಅಂದರೆ 1,650 ಚದರ ಸೆಂ.ಮೀ. ಪತ್ರಿಕೆಯ ಜಾಹೀರಾತು ದರಪಟ್ಟಿ, ಅಂದರೆ ರೇಟ್ ಕಾರ್ಡಿನಿಂದ ಗುಣಿಸಿ ಅರ್ಧ ಕಳೆಯುತ್ತೇನೆ, ಏಕೆಂದರೆ ಕಾರ್ಡ್ ರೇಟನ್ನು ಯಾರೂ ಪೂರ್ತಿ ಕೊಡುವುದಿಲ್ಲ. ತೊಡಕು ಬಂದದ್ದು ಪತ್ತೆಯಲ್ಲಿ. 'ಜಾಹೀರಾತು ಪುರವಣಿ' ಎಂದು ತಲೆಯ ಮೇಲಿದ್ದರೆ ಸುಲಭ, ಆರು ಪಾಯಿಂಟಿನ ಸಣ್ಣ ಅಕ್ಷರದಲ್ಲಿ ಕೆಳಗೆಲ್ಲೋ ಇದ್ದರೆ ಇ-ಪೇಪರ್ ಹುಡುಕಾಟಕ್ಕೆ ಸಿಗದು. ರಾಷ್ಟ್ರೀಯ ದಿನದ ಆಸುಪಾಸು ಕಣ್ಣಲ್ಲೇ ನೋಡಬೇಕು: ಚೀನಾಕ್ಕೆ ಅಕ್ಟೋಬರ್ 1, ತೈವಾನಿಗೆ ಅಕ್ಟೋಬರ್ 10. 2020ರಲ್ಲಿ ದೆಹಲಿಯ ಪತ್ರಿಕೆಗಳಲ್ಲಿ ತೈವಾನ್ ಜಾಹೀರಾತು ಬಂದಾಗ ಚೀನಾ ರಾಯಭಾರ ಕಚೇರಿ ಪತ್ರಕರ್ತರಿಗೆ ಪತ್ರವನ್ನೇ ಕಳಿಸಿತ್ತು.

ನಮ್ಮ ಅಂದಾಜು ಸರಿಯೇ ಎಂದು ನೋಡಲು ಇಲ್ಲಿ ದಾಖಲೆಯಿಲ್ಲ, ಅಮೆರಿಕದಲ್ಲಿದೆ. ಅಲ್ಲಿನ 1938ರ ಫಾರಾ (ವಿದೇಶಿ ಏಜೆಂಟರ ನೋಂದಣಿ) ಕಾಯ್ದೆಯಡಿ ವಿದೇಶಿಯರ ಪರವಾಗಿ ಕೆಲಸ ಮಾಡುವವರು ಆರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಚೀನಾದ ಸರ್ಕಾರಿ ಪತ್ರಿಕೆ ಚೈನಾ ಡೈಲಿಯ ಅಮೆರಿಕ ಘಟಕ ಯಾವ ಪತ್ರಿಕೆಗೆ ಎಷ್ಟು ಕೊಟ್ಟಿತೆಂದು ಹೆಸರುಸಹಿತ ಅದರಲ್ಲಿದೆ. 2016ರ ಕೊನೆಯಿಂದ 2020ರ ವಸಂತದವರೆಗೆ ಮುದ್ರಣ, ಜಾಹೀರಾತು ಸೇರಿ ಸುಮಾರು 1.9 ಕೋಟಿ ಡಾಲರ್. ವಾಲ್‌ಸ್ಟ್ರೀಟ್ ಜರ್ನಲ್ಲಿಗೆ 60 ಲಕ್ಷದ ಹತ್ತಿರ, ವಾಷಿಂಗ್ಟನ್ ಪೋಸ್ಟಿಗೆ 46 ಲಕ್ಷ ದಾಟಿ. ಈ ಪಾವತಿಯನ್ನು ಅದೇ ಅವಧಿಯಲ್ಲಿ ಅಚ್ಚಾದ ಪುಟಗಳಿಂದ ಭಾಗಿಸಿದರೆ ಪುಟವೊಂದರ ನಿಜವಾದ ದರ ಹೊರಬರುತ್ತದೆ. ಅದನ್ನು ಆ ಪತ್ರಿಕೆಯ ರೇಟ್ ಕಾರ್ಡಿನ ಪಕ್ಕ ಇಟ್ಟರೆ ರಿಯಾಯಿತಿಯ ಅಂದಾಜು ಸಿಗುತ್ತದೆ. ಪುಟ ಎಣಿಸುವಾಗ ಒಳಗೆ ತುರುಕಿದ ಬಿಡಿ ಪುರವಣಿಯನ್ನೂ ಪತ್ರಿಕೆಯದೇ ಪುಟವನ್ನೂ ಬೇರೆ ಬೇರೆ ಇಡಿ, ಎರಡಕ್ಕೂ ದರ ಒಂದೇ ಅಲ್ಲ.